ಕಲ್ಲಿದ್ದಲು ಅಂಗಳದ ಲೆಕ್ಕ

ಕರ್ನಾಟಕದಲ್ಲಿ ಕಲ್ಲಿದ್ದಲಿನ ಗಣಿಗಳಿಲ್ಲ. ನಾನು ಎಂಜಿನಿಯರಾಗಿ ದುಡಿದ ಶಾಖೋತ್ಪನ್ನ ಕೇಂದ್ರಕ್ಕೆ ತೆಲಂಗಾಣದ ಸಿಂಗರೇಣಿಯಿಂದಲೂ ಒಡಿಶಾದ ಮಹಾನದಿ ಗಣಿಗಳಿಂದಲೂ ರೈಲಿನಲ್ಲಿ ಕಲ್ಲಿದ್ದಲು ಬರುತ್ತಿತ್ತು. 59 ವ್ಯಾಗನ್‌ಗಳ ಒಂದು ರೇಕ್ ಎಂದರೆ ಸುಮಾರು 3,700 ಟನ್. 210 ಮೆಗಾವಾಟ್ ಘಟಕವೊಂದು ಪೂರ್ಣ ಲೋಡ್‌ನಲ್ಲಿ ಓಡಿದರೆ ಅದು ಹೆಚ್ಚೂಕಡಿಮೆ ಒಂದು ದಿನದ ಮೇವು.

ಅಂಗಳದಲ್ಲಿರುವ ಟನ್ನುಗಳನ್ನು ದಿನದ ಬಳಕೆಯಿಂದ ಭಾಗಿಸಿ 'ಇಷ್ಟು ದಿನದ ದಾಸ್ತಾನು' ಎಂದು ಬರೆಯುವುದು ನಮ್ಮಲ್ಲಿ ರೂಢಿ. ಆ ಅಂಕಿಯನ್ನು ನಾನೂ ಬಹುಕಾಲ ನಂಬಿದ್ದೆ. ಒಂದು ಮಳೆಗಾಲದ ರಾತ್ರಿ, ಅಂಗಳದಲ್ಲಿ ಡೋಜರ್ ಓಡಿಸುವ ಕೆಲಸ ತಪ್ಪಲೆಂದು, ನೆನೆದ ರೇಕ್ ಒಂದನ್ನು ನೇರವಾಗಿ, ಕುಲುಮೆಗೆ ಕಲ್ಲಿದ್ದಲು ಇಳಿಯುವ ತೊಟ್ಟಿಯಾದ ಬಂಕರ್‌ಗೆ ಹಾಕಿಸಿದೆ. ಹಸಿ ಪುಡಿ ಒಳಗೆ ಕಮಾನು ಕಟ್ಟಿಕೊಂಡಿತು. ಬಂಕರ್ ತುಂಬಿದ್ದರೂ ಅದರಡಿಯಿಂದ ಕಲ್ಲಿದ್ದಲು ಸಾಗಿಸುವ ಫೀಡರ್ ಖಾಲಿ ಓಡಿತು. ಬೆಳಗಿನವರೆಗೂ ಬಂಕರ್ ಗೋಡೆಗೆ ಸುತ್ತಿಗೆಯಿಂದ ಬಡಿಸುತ್ತಾ, ಜ್ವಾಲೆ ಆರದಂತೆ ದುಬಾರಿ ಎಣ್ಣೆ ಸುಡಿಸಿದೆ.

ಅಂದಿನಿಂದ ವ್ಯಾಗನ್ ಮಗುಚುವ ಟಿಪ್ಲರ್ ಯಂತ್ರದ ಬಳಿ ನಿಂತು ಒಂದು ಹಿಡಿ ಪುಡಿಯನ್ನು ಮುಷ್ಟಿಯಲ್ಲಿ ಒತ್ತಿ ನೋಡುವುದು ಅಭ್ಯಾಸವಾಯಿತು: ಕೈ ಬಿಚ್ಚಿದಾಗ ಅದು ಉಂಡೆಯಾಗಿಯೇ ಉಳಿದರೆ ಆ ರೇಕ್ ಅಂಗಳಕ್ಕೆ. ಮಳೆಗೆ ಮೊದಲೇ ಒಣ ಕಲ್ಲಿದ್ದಲನ್ನು ಸೂರಿನಡಿ ಕೂಡಿಟ್ಟು, ಹಸಿಯದಕ್ಕೆ ಬೆಲ್ಟಿನ ಮೇಲೆಯೇ ಬೆರೆಸತೊಡಗಿದೆವು. ಆದರೆ ಕೂಡಿಟ್ಟ ಕಲ್ಲಿದ್ದಲು ಗಾಳಿ ಹೊಕ್ಕರೆ ತಾನಾಗಿಯೇ ಕಾಯುತ್ತದೆ. ಆದ್ದರಿಂದ ಪದರ ಪದರವಾಗಿ ಡೋಜರ್‌ನಿಂದ ಅದುಮಿಸಿ, ಕಬ್ಬಿಣದ ಸಲಾಕೆ ಚುಚ್ಚಿ ಎಳೆದು ಅದರ ಬಿಸಿಯನ್ನು ಪರೀಕ್ಷಿಸುತ್ತಿದ್ದೆವು.

ದಾಸ್ತಾನಿನ ಲೆಕ್ಕದಿಂದ ಹಸಿಯದನ್ನು ಕಳೆಯುವುದು ಮೊದಲ ತಿದ್ದುಪಡಿಯಾದರೆ, ಎರಡನೆಯದು ಶಾಖದ್ದು. ಒಂದು ಯೂನಿಟ್ ವಿದ್ಯುತ್ತಿಗೆ 2,500 ಕಿಲೊಕ್ಯಾಲರಿ ಬೇಕೆಂದು ಹಿಡಿದರೆ, ಆ ಘಟಕದ ದಿನದ 50.4 ಲಕ್ಷ ಯೂನಿಟ್‌ಗಳಿಗೆ, ಕಿಲೊಗೆ 4,000 ಕಿಲೊಕ್ಯಾಲರಿ ಕೊಡುವ ಕಲ್ಲಿದ್ದಲು 3,150 ಟನ್ ಸಾಕು. 3,500 ಮಾತ್ರ ಕೊಡುವುದಾದರೆ 3,600 ಟನ್ ಬೇಕು. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಬೂದಿಯೇ ಮೂರನೇ ಒಂದು ಪಾಲಿಗೂ ಮೀರಿರುವುದುಂಟು. ಬೂದಿಗೂ ರೈಲಿನ ಬಾಡಿಗೆ ತೆರುತ್ತೇವೆಂಬುದು ಬೇರೆ ಮಾತು.

2021ರ ಅಕ್ಟೋಬರ್‌ನಲ್ಲಿ ದೇಶದ ಕಲ್ಲಿದ್ದಲು ವಿದ್ಯುತ್ ಕೇಂದ್ರಗಳ ಸರಾಸರಿ ದಾಸ್ತಾನು ಸುಮಾರು ನಾಲ್ಕು ದಿನಕ್ಕೆ ಇಳಿದಿತ್ತು. ದೇಶದ ವಿದ್ಯುತ್ತಿನ ಮುಕ್ಕಾಲು ಪಾಲಿನಷ್ಟು ಆಗ ಕಲ್ಲಿದ್ದಲಿನಿಂದಲೇ ಬರುತ್ತಿದ್ದುದರಿಂದ ಎಲ್ಲರ ಕಣ್ಣೂ ಆ ಅಂಕಿಯ ಮೇಲಿತ್ತು. 2024-25ರಲ್ಲಿ ದೇಶದ ಕಲ್ಲಿದ್ದಲು ಉತ್ಪಾದನೆ 100 ಕೋಟಿ ಟನ್ ದಾಟಿತು ನಿಜ, ಆದರೆ ಗಣಿಯ ಬಾಯಿಯ ಟನ್ನು ಕುಲುಮೆಗೆ ಬರುವಷ್ಟರಲ್ಲಿ ಎಷ್ಟು ಉರಿಯಾಗಿ ಉಳಿಯುತ್ತದೆ ಎಂಬುದು ಅಂಗಳದಲ್ಲಿ ನಿಂತವರಿಗಷ್ಟೇ ಕಾಣುತ್ತದೆ. ಆ ಅಕ್ಟೋಬರ್‌ನಲ್ಲಿ ಹಸಿಯದನ್ನು ಕಳೆದು, ಶಾಖಕ್ಕೆ ತಿದ್ದಿ ನೋಡಿದಾಗ ನಮ್ಮ ಐದು ದಿನ ಮೂರೂವರೆಯಾಯಿತು. ಯಾವ ಅಂಕಿ ಕಳುಹಿಸಲಿ ಎಂದು ಮೇಲಧಿಕಾರಿ ಕೇಳಿದರು. ಎರಡನ್ನೂ ಅಕ್ಕಪಕ್ಕ ಬರೆದು ಸಹಿ ಹಾಕಿದೆ.