ಮಳೆಗಾಲದಲ್ಲಿ ಕುದುರೆ ಗೊರಸು ಕೊಳೆಯದಂತೆ ನೋಡಿಕೊಳ್ಳಿ

ಮೂಡಿಗೆರೆ, ಸಕಲೇಶಪುರ ಕಡೆ ಕುದುರೆ ಸಾಕಿರುವವರ ಗಮನಕ್ಕೆ. ಮಳೆ ಹಿಡಿದ ಮೇಲೆ ದಿನಕ್ಕೆರಡು ಸಲ ನಾಲ್ಕೂ ಗೊರಸು ಎತ್ತಿ ನೋಡಿ. ತೋಟದ ದಾರಿಯಲ್ಲಿ ಸವಾರಿ ಮುಗಿಸಿ ಬಂದಾಗಲಂತೂ ತಪ್ಪಿಸಲೇಬೇಡಿ. ಗೊರಸು ಕೆರೆಯುವ ಕೊಕ್ಕೆಯನ್ನು ಹಿಮ್ಮಡಿಯಿಂದ ಮುಂದಕ್ಕೆ ಎಳೆದು ಕೆಸರು, ಕಲ್ಲು ತೆಗೆಯಿರಿ. ಅಡಿಯಲ್ಲಿ ತ್ರಿಕೋನದ ಮೆತ್ತನೆ ಭಾಗ ಇದೆಯಲ್ಲ, ಅದರ ಎರಡು ಪಕ್ಕದ ಸಂದು ಮತ್ತು ನಡುವಿನ ಸೀಳು: ಕೊಳೆ ಶುರುವಾಗುವುದೇ ಅಲ್ಲಿ. ಕಪ್ಪು ಲೋಳೆ, ಗಬ್ಬು ವಾಸನೆ ಕಂಡರೆ ತೊಳೆದು, ಬಟ್ಟೆಯಲ್ಲಿ ಒತ್ತಿ ಪೂರ್ತಿ ಒಣಗಿಸಿ, ಪೊವಿಡೋನ್ ಅಯೋಡಿನ್‌ನಲ್ಲಿ ಅದ್ದಿದ ಹತ್ತಿಯನ್ನು ಸಂದಿಗೆ ಸೇರಿಸಿ, ದಿನಾ ಬದಲಿಸಿ. ಒದ್ದೆ ಮೇಲೆ ಹಚ್ಚಿದ ಔಷಧಿ ಹಿಡಿಯಲ್ಲ. ತೋಟಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ ತಂದ ಮೈಲುತುತ್ತು ಮನೆಯಲ್ಲೇ ಇದೆ ಅಂತ ಹಸಿ ಗಾಯಕ್ಕೆ ಉಜ್ಜಬೇಡಿ, ಒಳ್ಳೆ ಮಾಂಸವನ್ನೂ ಸುಡುತ್ತದೆ.

ನಿಜ ಹೇಳಬೇಕೆಂದರೆ ಔಷಧಿಗಿಂತ ಲಾಯದ ನೆಲ ಮುಖ್ಯ. ಗಂಜಲ ನೆಂದ ಹುಲ್ಲಿನ ಮೇಲೆ ರಾತ್ರಿಯಿಡೀ ನಿಲ್ಲಿಸಿದರೆ ಬೆಳಗಿನ ಆರೈಕೆ ವ್ಯರ್ಥ. ಲಾಳ 6ರಿಂದ 8 ವಾರಕ್ಕೆ ಬಿಚ್ಚಿಸಿ, ಗೊರಸು ಕೆತ್ತಿಸಿ. ಸಡಿಲವಾದ ಲಾಳ ಕೆಸರಿಗೆ ಕಚ್ಚಿಕೊಂಡು ಗೊರಸಿನ ಅಂಚನ್ನೂ ಕಿತ್ತುಕೊಂಡು ಹೋಗುತ್ತದೆ. ಕುಂಟಿದರೆ, ಗೊರಸು ಮುಟ್ಟಿದಾಗ ಬಿಸಿ ಅನಿಸಿದರೆ ಸವಾರಿ ನಿಲ್ಲಿಸಿ ಪಶುವೈದ್ಯರನ್ನು ಕರೆಸಿ. ಧನುರ್ವಾಯು ಚುಚ್ಚುಮದ್ದು ಬಾಕಿ ಇದೆಯೇ ಅಂತಲೂ ಆಗಲೇ ಕೇಳಿಬಿಡಿ.