ಟೂರ್ ಡಿ ಫ್ರಾನ್ಸ್‌ಗೆ ಯಾವ ಸಣ್ಣ ಟೀಮ್ ಬರುತ್ತದೆ? ಊಹಿಸುವುದು ಹೀಗೆ

ಭಾನುವಾರ ಕುಂಬಳೆಯಿಂದ ಬೇಕಲ ಕೋಟೆವರೆಗೆ ಸೈಕಲ್ ತುಳಿಯುವ ನಮ್ಮ ಹುಡುಗರು ಜುಲೈಯಲ್ಲಿ ಫ್ರಾನ್ಸಿನ ಈ ದೊಡ್ಡ ಸೈಕಲ್ ರೇಸ್ ಬಂತೆಂದರೆ ಕೇಳುವುದು ಒಂದೇ, "ಆ ಟೀಮನ್ನು ಯಾಕೆ ಕರೆದಿಲ್ಲ ಮಾರಾಯಾ?"

ಮೊದಲು ದರ್ಜೆ ನೋಡಿ. ಎಲ್ಲಕ್ಕಿಂತ ಮೇಲಿನ ದರ್ಜೆ ವರ್ಲ್ಡ್ ಟೂರ್, ಅದರ 18 ಟೀಮ್‌ಗಳಿಗೆ ಜಾಗ ಗ್ಯಾರಂಟಿ, ಅಲ್ಲಿ ತಲೆ ಕೆಡಿಸಿಕೊಳ್ಳಬೇಡಿ. ಆಮೇಲೆ ಅದರ ಕೆಳಗಿನ ಪ್ರೊ ಟೀಮ್‌ಗಳ ಪಾಯಿಂಟ್ ಪಟ್ಟಿ ತೆಗೆಯಿರಿ. ಹಿಂದಿನ ವರ್ಷ ಅದರಲ್ಲಿ ಮೇಲಿದ್ದವರಿಗೆ ನೇರ ಪ್ರವೇಶ. ಉಳಿದ ಒಂದೆರಡು ಜಾಗ ಆಯೋಜಕರ ಕೈಯಲ್ಲಿ, ಅದೇ ವೈಲ್ಡ್ ಕಾರ್ಡ್.

ಮಜಾ ಇರುವುದು ಇಲ್ಲೇ. ಟೀಮ್ ಯಾವ ದೇಶದ್ದು ನೋಡಿ, ಯಾಕೆಂದರೆ ನಮ್ಮೂರ ಕಬಡ್ಡಿ ಪಂದ್ಯಕ್ಕೆ ಊರಿನ ಟೀಮನ್ನೇ ಬಿಟ್ಟು ಹೊರಗಿನವರನ್ನು ಯಾರಾದರೂ ಕರೆಯುತ್ತಾರಾ ಹೇಳಿ. ಹೆಸರಿರುವ ಸವಾರ ಇದ್ದಾನಾ? ಬ್ರೇಕ್‌ಅವೇ, ಅಂದರೆ ಗುಂಪನ್ನು ಬಿಟ್ಟು ಮುಂದೆ ಹೋಗಿ ಟಿವಿಯಲ್ಲಿ ಗಂಟೆಗಟ್ಟಲೆ ಕಾಣಿಸಿಕೊಳ್ಳುತ್ತಾರಾ? 2025ರಲ್ಲಿ ಕರೆ ಬಂದ ಟೋಟಲ್ ಎನರ್ಜೀಸ್ ಫ್ರಾನ್ಸಿನದ್ದೇ, ಟ್ಯೂಡರ್ ಟೀಮ್‌ನಲ್ಲಿ ಫ್ರಾನ್ಸಿನ ಹೆಸರಾಂತ ಸವಾರ ಜೂಲಿಯನ್ ಅಲಾಫಿಲಿಪ್ ಇದ್ದ. ನಾರ್ವೆಯ ಊನೋ-ಎಕ್ಸ್ ಟೀಮ್‌ಗೂ ಜಾಗ ಸಿಕ್ಕಿತು, ಆದರೆ ಸೈಕ್ಲಿಂಗ್‌ನ ವಿಶ್ವ ಸಂಸ್ಥೆ ಯುಸಿಐ ಮಿತಿಯನ್ನು 22ರಿಂದ 23 ಟೀಮ್‌ಗೆ ಏರಿಸಿದ್ದರಿಂದಲೇ ಮೂವರನ್ನೂ ಕರೆಯಲು ಆಯಿತು. ಸುಮ್ನೆ ಪ್ರತಿಭೆ ಇದ್ದರೆ ಸಾಲದು, ಅಲ್ವಾ?

ಕೊನೆಗೆ, ಕರೆ ತಪ್ಪಿದ ಟೀಮಿನ ಜರ್ಸಿಯನ್ನು ಮುಂದಿನ ವರ್ಷ ಮತ್ತೆ ನೋಡಿ. ಟಿವಿಯಲ್ಲಿ ಕಾಣದಿದ್ದರೆ ಪ್ರಾಯೋಜಕ ಜಾಸ್ತಿ ದಿನ ಕಾಯುವುದಿಲ್ಲ, ಎದೆ ಮೇಲಿನ ಹೆಸರೇ ಬದಲಾಗಿರಬಹುದು.