ಹಳೆ ರೂಟರ್ ಗುಜರಿಗೆ ಹಾಕಬೇಡಿ

ಕೆಂಪು ಕಲ್ಲಿನ ದಪ್ಪ ಗೋಡೆ ವೈಫೈ ಪಾಲಿಗೆ ಕೋಟೆ ಇದ್ದ ಹಾಗೆ. ಉಡುಪಿಯ ನಮ್ಮ ಮನೆಯಲ್ಲಿ ಮೋಡೆಮ್ ಇರುವುದು ಚಾವಡಿಯಲ್ಲಿ. ಹಿಂದಿನ ಕೋಣೆಗೆ ಹೋದರೆ ಸಿಗ್ನಲ್ ಸೊನ್ನೆ.

ಅಲ್ಲಿಗೂ ವೈಫೈ ತಲುಪಿಸಲು ಹಳೆ ರೂಟರ್ ಇದ್ದರೆ ಸಾಕು. ಮೊದಲು ಅದನ್ನು ಲ್ಯಾಪ್‌ಟಾಪ್‌ಗೆ ಮಾತ್ರ ಸಿಕ್ಕಿಸಿ ಸೆಟ್ಟಿಂಗ್ ತೆರೆಯಿರಿ. ಮೋಡೆಮ್ ಐಪಿ, ಅಂದರೆ ನೆಟ್‌ವರ್ಕ್ ವಿಳಾಸ, 192.168.1.1 ಆಗಿದ್ದರೆ ಇದಕ್ಕೆ 192.168.1.2 ಕೊಡಿ. ಡಿಎಚ್‌ಸಿಪಿ (ಸಾಧನಗಳಿಗೆ ಐಪಿ ಹಂಚುವ ವ್ಯವಸ್ಥೆ) ಆಫ್ ಮಾಡಿ. ಇಲ್ಲದಿದ್ದರೆ ಎರಡೂ ಪೆಟ್ಟಿಗೆಗಳು ಐಪಿ ಹಂಚಲು ಹೊರಟು ಎಲ್ಲ ಗೋಜಲು. ಇದೊಂದನ್ನು ಮರೆತು ನನ್ನ ಒಂದು ಭಾನುವಾರ ಸುಮ್ನೆ ಹಾಳಾಯಿತು! ಆಮೇಲೆ ಮೋಡೆಮ್‌ನ ಲ್ಯಾನ್ ಪೋರ್ಟಿನಿಂದ (ಮನೆಯ ಸಾಧನಗಳಿಗೆ ಕೇಬಲ್ ಸಿಕ್ಕಿಸುವ ಪೋರ್ಟ್) ಇದರ ಲ್ಯಾನ್ ಪೋರ್ಟಿಗೇ ಕೇಬಲ್ ಹಾಕಿ, ಇಂಟರ್ನೆಟ್ ಒಳಬರುವ ವ್ಯಾನ್ ಪೋರ್ಟಿಗೆ ಬೇಡ. ಆಕ್ಸೆಸ್ ಪಾಯಿಂಟ್ ಮೋಡ್ (ಐಪಿ ಹಂಚದೆ ವೈಫೈ ಮಾತ್ರ ಕೊಡುವ ಸೆಟ್ಟಿಂಗ್) ಇರುವ ರೂಟರ್ ಆದರೆ ಇಷ್ಟೆಲ್ಲ ಕಷ್ಟವಿಲ್ಲ, ಅದನ್ನೇ ಆರಿಸಿ.

ಟಿವಿ, ಕಂಪ್ಯೂಟರಿಗೆ ಪೋರ್ಟ್ ಸಾಲದಿದ್ದರೆ ಒಂದು ಪೋರ್ಟನ್ನು ಹಲವು ಮಾಡುವ ಸಾದಾ ಗಿಗಾಬಿಟ್ ಸ್ವಿಚ್ ತನ್ನಿ. ಸಿಕ್ಕಿಸಿದರೆ ಆಯಿತು. ಮೋಡೆಮ್ ಬ್ರಿಜ್ ಮೋಡಿನಲ್ಲಿದ್ದರೆ (ತಾನು ಐಪಿ ಹಂಚದೆ ಆ ಕೆಲಸವನ್ನು ಬೇರೆ ರೂಟರಿಗೆ ಬಿಟ್ಟಿದ್ದರೆ) ಮಾತ್ರ ಸ್ವಿಚ್ ಆ ರೂಟರಿನ ನಂತರವೇ ಬರಬೇಕು.

ಮತ್ತೆ, ಮೇ ತಿಂಗಳ ಸಂಜೆ ಮೋಡ ಕಟ್ಟಿದರೆ ಗುಡುಗು ಹತ್ತಿರ ಬರುವ ಮೊದಲೇ ಪ್ಲಗ್ ಜೊತೆ ಲ್ಯಾನ್ ಕೇಬಲ್ಲನ್ನೂ ತೆಗೆದಿಡಿ. ಅದರೊಳಗೆ ಇರುವುದು ತಾಮ್ರ ಅಲ್ವಾ, ಸಿಡಿಲಿನ ಕರೆಂಟ್ ಅದರಲ್ಲೂ ಹರಿಯುತ್ತದೆ.